ಉಂಡೂ ಹೋದ, ಕೊಂಡೂ ಹೋದ

1/8
📷 ಮಲೆಟ್ ಅರೀನಾ, ಟೆಂಪಿ. 2024ರ ಏಪ್ರಿಲ್ 16, ಸಂಜೆ.

ನಮ್ಮ ಇಂಜಿನಿಯರಿಂಗ್ ಬ್ಯಾಚ್ ಗ್ರೂಪ್‌ನಲ್ಲಿ ಮೊನ್ನೆ ಒಂದು ಮೀಮ್ ಬಂತು. ಮರುಭೂಮಿ, ನಡುವೆ ಒಂದು ಐಸ್ ಕ್ಯಾಂಡಿ ಗಾಡಿ, ಕೆಳಗೆ "ಅರಿಝೋನಾದಲ್ಲಿ ಹಾಕಿ ಟೀಮ್" ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು. ಯಾಕಂದ್ರೆ ಆ ಗಾಡಿ ನಿಂತಿರೋದು ನನ್ನ ರೂಮಿನಿಂದ ನಡೆದು ಹೋಗುವಷ್ಟು ದೂರದಲ್ಲಿ.

ಹೊಸ ಫಾಲೋವರ್ಸ್‌ಗೆ: ನನ್ನ ಊರು ಕುಶಾಲನಗರ. ಎರಡು ವರ್ಷದಿಂದ ಅರಿಝೋನಾದ ಟೆಂಪಿಯಲ್ಲಿ ಮಾಸ್ಟರ್ಸ್ ಓದ್ತಾ ಇದೀನಿ. ಕೊಡಗಿನ ಕಡೆಯವರಿಗೆ ಹಾಕಿ ಅಂದ್ರೆ ಮೈದಾನ, ಮಣ್ಣು, ಬಿಸಿಲು. ಇಲ್ಲಿ ಹಾಕಿ ಅಂದ್ರೆ ಐಸ್ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡೋದು. ಎನ್‌ಎಚ್‌ಎಲ್ ಅನ್ನೋ 32 ಟೀಮ್‌ಗಳ ದೊಡ್ಡ ಲೀಗ್ ಇದೆ. ಅದರಲ್ಲಿ ಒಂದು ಟೀಮ್, ಅರಿಝೋನಾ ಕಯೋಟೀಸ್, ಎರಡು ಸೀಸನ್‌ನಿಂದ ನಮ್ಮ ಯೂನಿವರ್ಸಿಟಿ ಕ್ಯಾಂಪಸ್ಸಿನ ಈ ಪುಟ್ಟ ಅರೀನಾದಲ್ಲಿ ಆಡ್ತಾ ಇದೆ. ಬೇರೆ ಟೀಮ್‌ಗಳ ಅರೀನಾದಲ್ಲಿ 17–18 ಸಾವಿರ ಸೀಟು. ಇಲ್ಲಿ ಸುಮಾರು 4,600.

ಈ ಟೀಮನ್ನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಸಾಗಿಸ್ತಾರೆ ಅಂತ ಸುದ್ದಿ. ಗುರುವಾರ ಲೀಗಿನ ವೋಟಿಂಗ್ ಅಂತೆ. ನಾಳೆ ಬುಧವಾರ, ಬಹುಶಃ ಇಲ್ಲಿನ ಕೊನೇ ಮ್ಯಾಚ್.

ನಾನು ಹೇಳೋದು ಇಷ್ಟೇ: ಈ ಟೀಮ್ ಬಿಸಿಲಿಗೆ ಕರಗಲಿಲ್ಲ. ಊರು ದುಡ್ಡು ಕೊಡಬೇಕು, ಜಾಗ ಕೊಡಬೇಕು, ಪ್ರೀತಿ ಕೊಡಬೇಕು, ಆದ್ರೆ ಟೀಮ್ ಮೇಲೆ ಊರಿಗೆ ಒಂದು ಪೈಸೆಯಷ್ಟೂ ಹಕ್ಕಿಲ್ಲ. ರೋಗ ಇರೋದು ಅಲ್ಲಿ. ಏಳು ಪೋಸ್ಟ್ ಬಾಕಿ ಇವೆ, ಓದಿ ಆಮೇಲೆ ಬೈಯಿರಿ. 👉

2/8
📷 ನನ್ನ ಫೋನಿನ ಹವಾಮಾನ ಸ್ಕ್ರೀನ್‌ಶಾಟ್.

ಮೊದಲು ಆ ಮೀಮ್‌ಗೆ ಉತ್ತರ. ಅಣ್ಣಾ, ಐಸ್ ಕ್ಯಾಂಡಿ ಜಾಸ್ತಿ ಮಾರಾಟ ಆಗೋದು ಬಿಸಿಲಲ್ಲೇ.

"ಬಿಸಿಲೂರಲ್ಲಿ ಐಸ್ ಹಾಕಿ ಬದುಕಲ್ಲ" ಅನ್ನೋರು ಸ್ವಲ್ಪ ಲೆಕ್ಕ ನೋಡಿ. ಲಾಸ್ ವೇಗಸ್ ಇದಕ್ಕಿಂತ ಕಮ್ಮಿ ಮರುಭೂಮಿಯೇನಲ್ಲ. ಅಲ್ಲಿನ ಟೀಮ್ ಶುರುವಾಗಿದ್ದು 2017ರಲ್ಲಿ. 2023ರಲ್ಲಿ ಸ್ಟಾನ್ಲಿ ಕಪ್ ಗೆದ್ದಿತು. ಫ್ಲೋರಿಡಾದ ಟ್ಯಾಂಪಾದಲ್ಲಿ ಹಿಮ ನೋಡಬೇಕಂದ್ರೆ ಫ್ರಿಜ್ ತೆಗೀಬೇಕು. ಆ ಟೀಮ್ 2004, 2020, 2021, ಮೂರು ಸಲ ಕಪ್ ಎತ್ತಿದೆ. ಡಲ್ಲಾಸ್ 1999ರಲ್ಲಿ ಎತ್ತಿದೆ.

ಈಗ ಚಳಿ ಊರುಗಳ ಕಥೆ ಕೇಳಿ. ಡಲ್ಲಾಸ್ ಟೀಮ್ ಬಂದದ್ದೇ ಮಿನಿಸೋಟಾದಿಂದ, 1993ರಲ್ಲಿ. ಮಿನಿಸೋಟಾ ಅಂದ್ರೆ ಕೆರೆ ಹೆಪ್ಪುಗಟ್ಟಿದ ತಕ್ಷಣ ಮಕ್ಕಳು ಸ್ಟಿಕ್ ಹಿಡಿದು ಇಳಿಯೋ ಜಾಗ. ಅವರೇ ಟೀಮ್ ಕಳ್ಕೊಂಡ್ರು. 1995ರಲ್ಲಿ ಕೆನಡಾದ ಕ್ವಿಬೆಕ್ ಸಿಟಿ ಕಳ್ಕೊಂಡಿತು, ಟೀಮ್ ಡೆನ್ವರ್‌ಗೆ ಹೋಯ್ತು, ಹೋದ ಮೊದಲನೇ ಸೀಸನ್‌ನಲ್ಲೇ ಕಪ್ ಗೆದ್ದಿತು. ಕ್ವಿಬೆಕ್ ಜನಕ್ಕೆ ಹೇಗಾಗಿರಬೇಕು ಯೋಚಿಸಿ. 1996ರಲ್ಲಿ ವಿನಿಪೆಗ್ ಕಳ್ಕೊಂಡಿತು, 1997ರಲ್ಲಿ ಹಾರ್ಟ್‌ಫರ್ಡ್.

ಅಟ್ಲಾಂಟಾ ಎರಡು ಸಲ ಟೀಮ್ ಕಳ್ಕೊಂಡಿದೆ, 1980ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ. ಒಪ್ತೀನಿ. ಚಳಿ ಊರೂ ಕಳ್ಕೊಂಡಿದೆ, ಬಿಸಿಲೂರೂ ಕಳ್ಕೊಂಡಿದೆ. ಹಾಗಿದ್ರೆ ಕಾರಣ ಥರ್ಮಾಮೀಟರ್‌ನಲ್ಲಿಲ್ಲ ಅಂತ ತಾನೇ ಅರ್ಥ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಟೀಮ್ ನಡೆಸೋಕೆ ಬಾರದವರು ಬಿಸಿಲು ಜಾಸ್ತಿ ಅಂದ್ರು. ನಾವು ಅದನ್ನೇ ಮೀಮ್ ಮಾಡಿ ಶೇರ್ ಮಾಡ್ತಾ ಇದೀವಿ.

3/8
📷 ಲೈಟ್ ರೈಲ್ ಕಿಟಕಿಯಿಂದ ಫೀನಿಕ್ಸ್ ಡೌನ್‌ಟೌನ್.

ಈ ಟೀಮ್ ಹುಟ್ಟಿದ್ದು ಅರಿಝೋನಾದಲ್ಲಲ್ಲ. 1972ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ, ಜೆಟ್ಸ್ ಅನ್ನೋ ಹೆಸರಲ್ಲಿ. 1996ರಲ್ಲಿ ಅದನ್ನ ಫೀನಿಕ್ಸ್‌ಗೆ ತಂದರು. ಅಂದ್ರೆ ಇವತ್ತು ಇಲ್ಲಿ ಅಳ್ತಿರೋ ಜನರ ಖುಷಿ 28 ವರ್ಷದ ಹಿಂದೆ ಇನ್ನೊಂದು ಊರಿನ ಕಣ್ಣೀರಾಗಿತ್ತು. ಇದನ್ನ ಮರೆತು ವಾದ ಮಾಡಿದ್ರೆ ಮೋಸ ಆಗುತ್ತೆ, ಅದಕ್ಕೇ ಮೊದಲೇ ಹೇಳ್ತಾ ಇದೀನಿ.

ಬಂದ ಟೀಮನ್ನ ಎಲ್ಲಿ ಕೂರಿಸಿದ್ರು ಗೊತ್ತಾ? ಬ್ಯಾಸ್ಕೆಟ್‌ಬಾಲ್‌ಗೆ ಅಂತ ಕಟ್ಟಿದ ಅರೀನಾದಲ್ಲಿ. ಐಸ್ ಹಾಕಿ ರಿಂಕ್ ಬ್ಯಾಸ್ಕೆಟ್‌ಬಾಲ್ ಕೋರ್ಟಿಗಿಂತ ತುಂಬಾ ಉದ್ದ. ಹಾಗಾಗಿ ಸಾವಿರಾರು ಸೀಟುಗಳಿಂದ ಒಂದು ಕಡೆಯ ಗೋಲೇ ಸರಿಯಾಗಿ ಕಾಣ್ತಿರಲಿಲ್ಲ. ಟಿಕೆಟ್ ಕೊಂಡು ಅರ್ಧ ಆಟ ನೋಡೋದು.

2003ರ ಕೊನೆಗೆ ಗ್ಲೆಂಡೇಲ್‌ಗೆ ಹೋದ್ರು. ಫೀನಿಕ್ಸ್‌ನ ಪಶ್ಚಿಮದ ಅಂಚಿನ ಊರು ಅದು. ಹೊಸ ಅರೀನಾ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಹಾಕಿ ನೋಡೋ ಜನ ಹೆಚ್ಚಾಗಿ ಇದ್ದದ್ದು ಪೂರ್ವದಲ್ಲಿ, ಸ್ಕಾಟ್ಸ್‌ಡೇಲ್, ಟೆಂಪಿ ಕಡೆ. ಬೆಂಗಳೂರಿನವರಿಗೆ ಹೇಳಬೇಕಂದ್ರೆ: ವೈಟ್‌ಫೀಲ್ಡ್‌ನಲ್ಲಿ ಕೆಲಸ ಮುಗಿಸಿ, ವಾರದ ದಿನ ಸಂಜೆ ಏಳಕ್ಕೆ ಕೆಂಗೇರಿಯಲ್ಲಿ ಮ್ಯಾಚ್ ನೋಡೋಕೆ ಹೋಗಿ. ವರ್ಷಕ್ಕೆ 41 ಸಲ.

ಜನ ಕಮ್ಮಿ ಬಂದ್ರು, ನಿಜ. ಲೀಗಿನಲ್ಲೇ ಕಮ್ಮಿ ಜನ ಬರೋ ಟೀಮ್‌ಗಳಲ್ಲಿ ಇದೂ ಒಂದಾಗಿತ್ತು. ಆದ್ರೆ 2012ರಲ್ಲಿ ಇದೇ ಟೀಮ್ ಪ್ಲೇಆಫ್‌ನಲ್ಲಿ ಕಾನ್ಫರೆನ್ಸ್ ಫೈನಲ್‌ವರೆಗೂ ಹೋದಾಗ, ಅದೇ ದೂರದ ಅರೀನಾದಲ್ಲಿ ಎಲ್ಲರೂ ಬಿಳಿ ಬಟ್ಟೆ ಹಾಕ್ಕೊಂಡು ತುಂಬಿ ಕೂತಿದ್ರು. ಆ ಬಿಳಿ ಬಟ್ಟೆ ಸಂಪ್ರದಾಯ ಕೂಡ ವಿನಿಪೆಗ್‌ನಿಂದ ಟೀಮ್ ಜೊತೆ ಬಂದದ್ದು. ಚೆನ್ನಾಗಿ ಆಡಿದ್ರೆ ಜನ ಬರ್ತಾರೆ. ಇದಕ್ಕೆ ಪಿಎಚ್‌ಡಿ ಬೇಕಿಲ್ಲ.

4/8
📷 ಬರೀ ಅಂಕಿಗಳು. ನನ್ನ ನೋಟ್‌ಬುಕ್ ಪುಟ.

ಈಗ ದುಡ್ಡಿನ ಮಾತು. ಬೋರ್ ಅಂತ ಸ್ವೈಪ್ ಮಾಡಬೇಡಿ, ಕಥೆಯ ಹೊಟ್ಟೆ ಇರೋದೇ ಇಲ್ಲಿ.

ಗ್ಲೆಂಡೇಲ್ ಅರೀನಾ ಕಟ್ಟೋಕೆ ನಗರ ಹಾಕಿದ್ದು ಸುಮಾರು 18 ಕೋಟಿ ಡಾಲರ್. ಮಾಲೀಕರದ್ದಲ್ಲ, ಊರಿನ ಜನರದ್ದು.

2009ರ ಮೇ ತಿಂಗಳಲ್ಲಿ ಆಗಿನ ಮಾಲೀಕ ಜೆರ್ರಿ ಮೋಯ್ಸ್ ಟೀಮನ್ನ ದಿವಾಳಿ ಕೋರ್ಟಿಗೆ ತಂದ್ರು. ಬ್ಲ್ಯಾಕ್‌ಬೆರಿ ಫೋನ್ ಕಂಪನಿಯ ಜಿಮ್ ಬಾಲ್ಸಿಲೀ ಕೊಂಡುಕೊಂಡು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯೋಕೆ ಹೊರಟ್ರು. ಕೋರ್ಟ್ ಒಪ್ಪಲಿಲ್ಲ. ಕೊನೆಗೆ ಲೀಗ್ ತಾನೇ 14 ಕೋಟಿ ಡಾಲರಿಗೆ ಕೊಂಡಿತು. ಒಳ್ಳೇದಾಯ್ತು ಅಂತ ಗ್ಲೆಂಡೇಲ್ ಉಸಿರು ಬಿಟ್ಟಿತು. ತಕ್ಷಣ ಬಿಲ್ ಬಂತು: ಟೀಮ್ ಇಲ್ಲೇ ಇರಬೇಕಂದ್ರೆ ವರ್ಷಕ್ಕೆ 2.5 ಕೋಟಿ ಡಾಲರ್ ಕೊಡಿ. ಎರಡು ಸೀಸನ್ ಕೊಟ್ಟರು. 5 ಕೋಟಿ ಡಾಲರ್. 2013ರಲ್ಲಿ ಹೊಸ ಮಾಲೀಕರು ಬಂದ್ರು. ಅವರಿಗೆ ಅರೀನಾ ನೋಡಿಕೊಳ್ಳೋ ಲೆಕ್ಕದಲ್ಲಿ ವರ್ಷಕ್ಕೆ 1.5 ಕೋಟಿ ಡಾಲರ್.

ಇದೇ ಸಮಯದಲ್ಲಿ, 2012ರಲ್ಲಿ, ಗ್ಲೆಂಡೇಲ್ ನಗರ ಸೇಲ್ಸ್ ಟ್ಯಾಕ್ಸ್ ಏರಿಸಿತು. ಹಾಕಿ ನೋಡದ ಅಜ್ಜಿ ಕೂಡ ಅಂಗಡಿಯಲ್ಲಿ ಸಾಮಾನು ತಗೊಂಡಾಗ ಕೈಯಿಂದ ಕೊಟ್ಟರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

2015ರಲ್ಲಿ ನಗರಸಭೆ ಸಾಕಪ್ಪಾ ಸಾಕು ಅಂತ ಆ ಒಪ್ಪಂದ ರದ್ದು ಮಾಡೋಕೆ ವೋಟ್ ಹಾಕಿತು. 2021ರಲ್ಲಿ, ಮುಂದಿನ ಸೀಸನ್ ಆದ್ಮೇಲೆ ಮನೆ ಖಾಲಿ ಮಾಡಿ ಅಂತ ಹೇಳೇಬಿಟ್ಟಿತು. ಅದೇ ಡಿಸೆಂಬರ್‌ನಲ್ಲಿ, ಸುಮಾರು 13 ಲಕ್ಷ ಡಾಲರ್ ತೆರಿಗೆ ಬಾಕಿ ಇದೆ, ಕಟ್ಟದಿದ್ರೆ ಬೀಗ ಹಾಕ್ತೀವಿ ಅಂತ ನೋಟಿಸ್. ಬಾಕಿ ಕಟ್ಟಿದ್ರು, "ತಪ್ಪಿನಿಂದ ಆಯ್ತು" ಅನ್ನೋ ಅರ್ಥದಲ್ಲಿ ಸಮಜಾಯಿಷಿ ಕೊಟ್ಟರು. ನಾವು ಹಾಸ್ಟೆಲ್ ಫೀಸ್ ಲೇಟ್ ಮಾಡಿದ್ರೆ ಹೀಗೆ ಹೇಳೋಕೆ ಆಗುತ್ತಾ?

ಈಗ ಕೊನೆಯ ಅಂಕಿ. ಈಗಿನ ಮಾಲೀಕ ಅಲೆಕ್ಸ್ ಮೆರುವೆಲೋ 2019ರಲ್ಲಿ ಟೀಮ್ ಕೊಂಡಾಗ ಅದರ ಬೆಲೆ ಸುಮಾರು 30 ಕೋಟಿ ಡಾಲರ್ ಅಂತ ವರದಿಯಾಗಿತ್ತು. ಈಗ ಅವರಿಗೆ ಸಿಗೋದು 100 ಕೋಟಿ ಡಾಲರ್ ಅಂತ ಸುದ್ದಿ. ನಡುವೆ ನಷ್ಟ ಆಗಿರಬಹುದು, ಇಲ್ಲ ಅನ್ನಲ್ಲ. ಆದ್ರೆ ಸೋಲ್ತಾ ಇದ್ದ, ಮನೆ ಇಲ್ಲದ ಟೀಮಿನ ಬೆಲೆ ಐದು ವರ್ಷದಲ್ಲಿ ಮೂರು ಪಟ್ಟು. ಗ್ಲೆಂಡೇಲ್ ಜನಕ್ಕೆ ವಾಪಸ್ ಎಷ್ಟು ಬಂತು? ಲೆಕ್ಕ ನೀವೇ ಹಾಕಿ.

5/8
📷 ಟೆಂಪಿಯ ಸಾಲ್ಟ್ ನದಿ ದಂಡೆ. ವಿಮಾನ ತಲೆ ಮೇಲೇ ಹೋಗ್ತಿದೆ.

ಇಲ್ಲಿನ ನನ್ನ ಕ್ಲಾಸ್‌ಮೇಟ್ಸ್ ಜೊತೆ ಜಗಳ ಆಗೋದು ಈ ಪೋಸ್ಟಿಗೆ. ಅವರು ಬೈಯೋದು ಟೆಂಪಿ ಮತದಾರರನ್ನ.

ನಡೆದದ್ದಿಷ್ಟು. ನಗರದ 46 ಎಕರೆ ಜಾಗ, ಹಿಂದೆ ಕಸ ಸುರೀತಿದ್ದ ಜಾಗ, ಅಲ್ಲಿ 210 ಕೋಟಿ ಡಾಲರ್ ಪ್ರಾಜೆಕ್ಟ್ ಮಾಡ್ತೀವಿ ಅಂತ ಕಯೋಟೀಸ್ ಹೇಳಿತು. ಅರೀನಾ, ಹೋಟೆಲ್, ಅಂಗಡಿ, ಅಪಾರ್ಟ್‌ಮೆಂಟ್. ಖಾಸಗಿ ದುಡ್ಡು ಅಂದ್ರು. ಜೊತೆಗೇ ವರ್ಷಗಟ್ಟಲೆ ಆಸ್ತಿ ತೆರಿಗೆ ರಿಯಾಯಿತಿನೂ ಕೇಳಿದ್ರು. ವಿಮಾನ ಹಾರೋ ದಾರಿಯಲ್ಲಿ ಮನೆ ಕಟ್ತಾರೆ ಅಂತ ಪಕ್ಕದ ಫೀನಿಕ್ಸ್ ಏರ್‌ಪೋರ್ಟಿನವರೂ ತಕರಾರು ಎತ್ತಿದ್ರು. 2023ರ ಮೇ 16ರಂದು ಮತದಾನ. ಮೂರು ಪ್ರಸ್ತಾವನೆ, ಮೂರೂ ಸೋತವು.

ನನಗೆ ಇಲ್ಲಿ ವೋಟಿಲ್ಲ. ಇದ್ದಿದ್ರೆ? ನಿಜ ಹೇಳ್ತೀನಿ, ಟೀಮ್ ಇರಲಿ ಅಂತ ಆಸೆ ಇದ್ದರೂ ನಾನೂ ಬೇಡ ಅಂತಲೇ ಒತ್ತುತ್ತಿದ್ದೆನೋ ಏನೋ. ಪಕ್ಕದ ಊರು ಹನ್ನೆರಡು ವರ್ಷ ಉರಿದದ್ದನ್ನ ಕಣ್ಣಾರೆ ನೋಡಿದವರು ತಮ್ಮ ಮನೆಗೆ ಬೆಂಕಿ ತರ್ತಾರಾ? ಆ ಜನ ಹಾಕಿ ಬೇಡ ಅನ್ನಲಿಲ್ಲ. ಈ ಶರತ್ತಿಗೆ ಬೇಡ ಅಂದ್ರು. ಎರಡಕ್ಕೂ ಅಜಗಜಾಂತರ.

ಆದ್ರೆ ಅಭಿಮಾನಿಗಳಿಗೆ ಹೇಳೋದೇನು? "ನಿಮ್ಮೂರಿನವರೇ ಬೇಡ ಅಂದ್ರಲ್ಲ, ಅನುಭವಿಸಿ." ಬೇರೆ ದಾರಿ ಇರಲಿಲ್ಲವಾ? ಈಗಲೂ ಉತ್ತರ ಫೀನಿಕ್ಸ್‌ನಲ್ಲಿ ಸರ್ಕಾರಿ ಜಮೀನು ಜೂನ್‌ನಲ್ಲಿ ಹರಾಜಿಗೆ ಬರೋದಿದೆ, ಅದನ್ನ ಕೊಳ್ತೀವಿ ಅಂತ ಮಾಲೀಕರೇ ಜಾಹೀರಾತು ಮಾಡಿದ್ರು. ಆ ಹರಾಜು ನಡೆಯೋ ಮುಂಚೆನೇ ಗಾಡಿಗೆ ಸಾಮಾನು ತುಂಬ್ತಾ ಇದ್ದಾರೆ.

ಕಪಾಳಕ್ಕೆ ಹೊಡೆದು, ಕೆನ್ನೆ ಯಾಕೆ ಕೆಂಪಾಯ್ತು ಅಂತ ಕೇಳೋದು ಅಂದ್ರೆ ಇದೇ.

6/8
📷 ಪುಟ್ಟ ಸ್ಕೇಟ್ ಜೋಡಿ. ಅವರಮ್ಮನ ಅನುಮತಿ ಕೇಳಿ ತೆಗೆದದ್ದು.

ಕ್ಯಾಂಪಸ್ ಕೆಫೆಯಲ್ಲಿ ನನ್ನ ಜೊತೆ ಪಾರ್ಟ್‌ಟೈಮ್ ಕೆಲಸ ಮಾಡೋರೊಬ್ಬರ ಮಗ ಈ ಸ್ಕೇಟಿನ ಯಜಮಾನ. ಒಂಬತ್ತು ವರ್ಷ. ಬೆಳಗ್ಗೆ ಐದೂವರೆಗೆ ಪ್ರಾಕ್ಟೀಸ್. ಐಸ್ ಖಾಲಿ ಸಿಗೋದೇ ಆ ಹೊತ್ತಿಗೆ. ಕಳೆದ ವಾರ ಅವನು ಅಮ್ಮನ್ನ ಕೇಳಿದನಂತೆ: "ಮುಂದಿನ ವರ್ಷ ನಾನು ಯೂಟಾಗೆ ಚಪ್ಪಾಳೆ ಹೊಡೀಬೇಕಾ?" ಅವರು ನನ್ನ ಹತ್ರ ಇದನ್ನ ಹೇಳಿ, ಕಾಫಿ ಮಷಿನ್ ಒರೆಸ್ತಾ ಸುಮ್ಮನಾದ್ರು. ನನಗೂ ಏನು ಹೇಳಬೇಕೋ ತೋಚಲಿಲ್ಲ.

ಇಂಥ ಮಕ್ಕಳಿಂದ ಏನಾಗುತ್ತೆ ಅಂತ ಕೇಳ್ತೀರಾ? ಆಸ್ಟನ್ ಮ್ಯಾಥ್ಯೂಸ್ ಹೆಸರು ಹುಡುಕಿ. ಸ್ಕಾಟ್ಸ್‌ಡೇಲ್‌ನಲ್ಲಿ ಬೆಳೆದ ಹುಡುಗ. ಚಿಕ್ಕವನಿದ್ದಾಗ ಕಯೋಟೀಸ್ ಮ್ಯಾಚ್ ನೋಡಿ ಹಾಕಿ ಹಿಡಿದವನು. 2016ರ ಡ್ರಾಫ್ಟ್‌ನಲ್ಲಿ ಮೊದಲನೇ ಆಯ್ಕೆ. ಈಗ ಟೊರಾಂಟೊ ಪರ ಆಡ್ತಾ, ಈ ಸೀಸನ್‌ನಲ್ಲಿ 69 ಗೋಲು. ಐಸ್ ಹಾಕಿಯ ದೊಡ್ಡ ಆಟಗಾರರಲ್ಲಿ ಒಬ್ಬ ಬಂದದ್ದು ಕಳ್ಳಿ ಗಿಡದ ಊರಿಂದ.

ಇನ್ನೊಂದು ಕಥೆ. ಶೇನ್ ಡೋನ್ ಅನ್ನೋ ಆಟಗಾರನನ್ನ 1995ರಲ್ಲಿ ವಿನಿಪೆಗ್ ತಗೊಂಡಿತು. ಮರುವರ್ಷ ಟೀಮ್ ಜೊತೆ ಅರಿಝೋನಾಗೆ ಬಂದ, 2017ರವರೆಗೂ ಇದೇ ಟೀಮಿಗೆ ಆಡಿದ. ಅವನ ಮಗ ಜಾಶ್ ಹುಟ್ಟಿದ್ದು, ಬೆಳೆದದ್ದು ಇಲ್ಲೇ. ನಮ್ಮ ಯೂನಿವರ್ಸಿಟಿ ಟೀಮಿಗೆ ಇದೇ ಮಲೆಟ್ ಅರೀನಾದಲ್ಲಿ ಆಡಿದ. ಕಳೆದ ತಿಂಗಳು 26ಕ್ಕೆ ಕಯೋಟೀಸ್ ಪರ ಮೊದಲ ಮ್ಯಾಚ್, ಎರಡು ಗೋಲು. ಅಪ್ಪನ ಊರು ಮಗನಿಗೂ ಊರಾಯ್ತು. ಒಂದು ಟೀಮ್ ಒಂದು ನೆಲದಲ್ಲಿ ಬೇರು ಬಿಡೋಕೆ ಒಂದು ತಲೆಮಾರು ಬೇಕು. ಅದು ಈಗಷ್ಟೇ ಆಗಿತ್ತು. ಸರಿಯಾಗಿ ಈಗಲೇ ಕೀಳ್ತಾ ಇದ್ದಾರೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ನಮ್ಮಲ್ಲಿ ಸುಮ್ಮನೆ ಹೇಳಲ್ಲ.

7/8
📷 ನಾಪೋಕ್ಲು ಮೈದಾನ. ಊರಿಂದ ಗೆಳೆಯ ಕಳಿಸಿದ್ದು, ಇದೇ ವಾರ.

ಇಲ್ಲಿ ಹೀಗಿದ್ರೆ, ಇದೇ ಏಪ್ರಿಲ್‌ನಲ್ಲಿ ನಮ್ಮ ಕೊಡಗಿನಲ್ಲಿ ಏನು ನಡೀತಿದೆ ನೋಡಿ. ಕುಂಡ್ಯೋಳಂಡ ಕಪ್. ಕೊಡವ ಕುಟುಂಬಗಳ ಹಾಕಿ ಹಬ್ಬ. 360 ಕುಟುಂಬಗಳ ತಂಡ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಪ್ರತಿ ವರ್ಷ ಬೇರೆ ಬೇರೆ ಒಕ್ಕ ಜವಾಬ್ದಾರಿ ಹೊರುತ್ತೆ, ಅದರ ಹೆಸರಲ್ಲೇ ಕಪ್. ಹಬ್ಬವೂ ಊರಿಂದ ಊರಿಗೆ ಹೋಗುತ್ತೆ. ಆದ್ರೆ ಹೋದಾಗ ಯಾರೂ ಅಳಲ್ಲ, ಯಾಕಂದ್ರೆ ಟೀಮ್ ಇರೋದು ಮನೆಯ ಹೆಸರಲ್ಲಿ. ಯಾವ ಕೋಟ್ಯಧಿಪತಿಯೂ ಒಂದು ಒಕ್ಕವನ್ನ ಕೊಂಡು ಹುಬ್ಬಳ್ಳಿಗೆ ಸಾಗಿಸೋಕೆ ಆಗಲ್ಲ.

ಹೋಲಿಕೆ ಪೂರ್ತಿ ಸರಿ ಹೋಗಲ್ಲ, ಗೊತ್ತು. ಇದು ಹಬ್ಬ, ಅದು ಉದ್ಯೋಗ. ಸಂಬಳ ಕೊಡಬೇಕು, ಐಸ್ ಮಾಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ನಮ್ಮಲ್ಲೂ ವೃತ್ತಿಪರ ಹಾಕಿ ಬಂದಾಗ ಏನಾಯ್ತು? 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು, ಕರ್ನಾಟಕ ಲಯನ್ಸ್ ಅಂತ ಟೀಮ್ ಬಂತು. ಒಂದೇ ಸೀಸನ್. ಟೀಮೂ ಇಲ್ಲ, ಲೀಗೂ ಇಲ್ಲ. ನಮ್ಮಲ್ಲಿ ಯಾರೂ ಮೀಮ್ ಕೂಡ ಮಾಡಲಿಲ್ಲ.

ಹಾಗಾದ್ರೆ ವೃತ್ತಿಪರ ಟೀಮಿಗೆ ದಾರಿನೇ ಇಲ್ವಾ? ಇದೆ, ಅಮೆರಿಕಾದಲ್ಲೇ ಇದೆ. 1995ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್ ನಗರದ ಬ್ರೌನ್ಸ್ ಫುಟ್ಬಾಲ್ ಟೀಮನ್ನ ಮಾಲೀಕ ಬಾಲ್ಟಿಮೋರ್‌ಗೆ ಒಯ್ಯೋಕೆ ಹೊರಟಾಗ ಊರು ತಿರುಗಿಬಿತ್ತು. ಆಟಗಾರರು ಹೋದ್ರು, ಆದ್ರೆ ಹೆಸರು, ಬಣ್ಣ, ಇತಿಹಾಸ ಎಲ್ಲಾ ಕ್ಲೀವ್‌ಲ್ಯಾಂಡ್‌ನಲ್ಲೇ ಉಳೀತು. 1999ರಲ್ಲಿ ಅದೇ ಹೆಸರಲ್ಲಿ ಹೊಸ ಟೀಮ್ ಬಂತು. ಆಮೇಲೆ ಓಹಾಯೋ ಒಂದು ಕಾನೂನೇ ಮಾಡಿತು: ಜನರ ದುಡ್ಡಿನ ಸ್ಟೇಡಿಯಂನಲ್ಲಿ ಆಡೋ ಟೀಮ್ ಊರು ಬಿಡಬೇಕಂದ್ರೆ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು, ಸ್ಥಳೀಯರಿಗೆ ಕೊಳ್ಳೋ ಅವಕಾಶ ಕೊಡಬೇಕು. 2018ರಲ್ಲಿ ಕೊಲಂಬಸ್ ಕ್ರೂ ಅನ್ನೋ ಸಾಕರ್ ಟೀಮ್ ಟೆಕ್ಸಸ್‌ಗೆ ಹೊರಟಾಗ ಇದೇ ಕಾನೂನು ಹಿಡ್ಕೊಂಡು ರಾಜ್ಯ ಕೋರ್ಟಿಗೆ ಹೋಯ್ತು, ಅಭಿಮಾನಿಗಳು ಬೀದಿಗಿಳಿದ್ರು. ಕೊನೆಗೆ ಓಹಾಯೋದವರೇ ಕೊಂಡ್ರು. ಟೀಮ್ ಇವತ್ತಿಗೂ ಕೊಲಂಬಸ್‌ನಲ್ಲೇ ಇದೆ.

ಆರು ತಿಂಗಳ ನೋಟಿಸ್. ನಾವು ಬಾಡಿಗೆ ಮನೆ ಬಿಡೋವಾಗಲೂ ಮುಂಚೆ ಹೇಳ್ತೀವಿ. ಇಲ್ಲಿ ಜನಕ್ಕೆ ಸಿಕ್ಕಿದ್ದು ಕೆಲವು ದಿನಗಳ ಗಾಳಿಸುದ್ದಿ.

8/8
📷 ಕಪ್ಪು ಚೌಕ. ಫೋಟೋ ಇಲ್ಲ. 2024ರ ಏಪ್ರಿಲ್ 18, ರಾತ್ರಿ.

ವೋಟ್ ಆಯ್ತು. ಟೀಮ್ ಹೋಯ್ತು. ಒಟ್ಟು 120 ಕೋಟಿ ಡಾಲರ್ ವ್ಯವಹಾರ. ಕಯೋಟೀಸ್ ಹೆಸರು, ಲೋಗೋ ಮೆರುವೆಲೋ ಹತ್ರ ಇರುತ್ತಂತೆ, ಐದು ವರ್ಷದಲ್ಲಿ ಅರೀನಾ ಕಟ್ಟಿದ್ರೆ ಹೊಸ ಟೀಮ್ ಕೊಡ್ತಾರಂತೆ. ನೋಡಿ, ಹೆಸರು ಕೂಡ ಊರಿನ ಕೈಲಿಲ್ಲ, ಒಬ್ಬ ಮನುಷ್ಯನ ಜೇಬಲ್ಲಿದೆ.

ನಿನ್ನೆಯ ಮ್ಯಾಚ್ ಟಿಕೆಟ್ ನನ್ನ ಕೈಗೆ ಎಟುಕಲಿಲ್ಲ. ರೂಮಿನಲ್ಲಿ ಟಿವಿಯಲ್ಲಿ ನೋಡಿದೆ. ಎಡ್ಮಂಟನ್ ವಿರುದ್ಧ 5–2, ಗೆದ್ದರು. ಗೆದ್ದು ಹೋದ್ರು. 2022ರ ಅಕ್ಟೋಬರ್ 28ರಂದು ಇದೇ ಪುಟ್ಟ ಅರೀನಾದಲ್ಲಿ ಇವರ ಮೊದಲ ಮ್ಯಾಚ್ ನಡೆದದ್ದು ಯಾರ ವಿರುದ್ಧ ಗೊತ್ತಾ? ವಿನಿಪೆಗ್. ಕಳ್ಕೊಂಡ ಊರಿಗೆ 2011ರಲ್ಲಿ ಟೀಮ್ ಮತ್ತೆ ಸಿಕ್ಕಿತ್ತು, ಅಟ್ಲಾಂಟಾದಿಂದ ಕಿತ್ತು ತಂದದ್ದು. ಒಬ್ಬರ ಮನೆ ತೊಟ್ಟಿಲು ತೂಗಬೇಕಂದ್ರೆ ಇನ್ನೊಬ್ಬರ ಮನೆ ತೊಟ್ಟಿಲು ಖಾಲಿ ಆಗಬೇಕು. ಲೀಗ್ ನಡೀತಿರೋದೇ ಹೀಗೆ.

ಯೂಟಾ ಗೆಳೆಯರೇ, ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಎರಡು ಮಾತು ಕೇಳಿಸ್ಕೊಳ್ಳಿ. ನಿಮ್ಮಲ್ಲಿ ಟೀಮ್ ಆಡೋದು ಬ್ಯಾಸ್ಕೆಟ್‌ಬಾಲ್‌ಗೆ ಕಟ್ಟಿದ ಅರೀನಾದಲ್ಲಿ, 1996ರ ಫೀನಿಕ್ಸ್ ಥರಾನೇ. ಆ ಅರೀನಾ ಮತ್ತು ಸುತ್ತಮುತ್ತ ಸರಿ ಮಾಡೋಕೆ ನಿಮ್ಮ ನಗರ ಸೇಲ್ಸ್ ಟ್ಯಾಕ್ಸ್ ಅರ್ಧ ಪರ್ಸೆಂಟ್‌ವರೆಗೂ ಏರಿಸಬಹುದು ಅಂತ ಕಳೆದ ತಿಂಗಳಷ್ಟೇ ನಿಮ್ಮ ಶಾಸನಸಭೆ ಕಾನೂನು ಮಾಡಿದೆ. ಚಪ್ಪಾಳೆ ಹೊಡೀರಿ, ಖಂಡಿತ ಹೊಡೀರಿ. ಹೊಡೆಯೋ ಮುಂಚೆ ಒಪ್ಪಂದದಲ್ಲಿ ಮೂರು ಸಾಲು ಬರೆಸ್ಕೊಳ್ಳಿ: ಹೋಗೋದಾದ್ರೆ ಮುಂಚೆ ನೋಟಿಸ್. ಕೊಳ್ಳೋ ಮೊದಲ ಹಕ್ಕು ಊರಿಗೆ. ಹೆಸರು, ಇತಿಹಾಸ ಊರಿನದ್ದು. ಗ್ಲೆಂಡೇಲ್ ಇವನ್ನೆಲ್ಲ ಬರೆಸ್ಕೊಳ್ಳಲಿಲ್ಲ. ಟೀಮಿಗೆ ಉಂಡೂ ಹೋಗೋಕೆ ಆಯ್ತು, ಕೊಂಡೂ ಹೋಗೋಕೆ ಆಯ್ತು.

ನಮ್ಮ ಬ್ಯಾಚ್ ಗ್ರೂಪಿನವರೇ, ನಾಳೆ ನಮ್ಮೂರಿಗೂ ಯಾರೋ ಬಂದು "ಸ್ಟೇಡಿಯಂಗೆ ಜಾಗ ಕೊಡಿ, ತೆರಿಗೆ ಬಿಡಿ, ನಿಮ್ಮೂರಿನ ಹೆಸರು ಜೆರ್ಸಿ ಮೇಲೆ ಹಾಕ್ತೀವಿ" ಅಂದಾಗ ಈ ಕಥೆ ನೆನಪಿರಲಿ. ಜೆರ್ಸಿ ಮೇಲೆ ಊರಿನ ಹೆಸರಿದ್ದ ಮಾತ್ರಕ್ಕೆ ಟೀಮ್ ಊರಿನದ್ದಾಗಲ್ಲ. ಕಾಗದದ ಮೇಲೂ ಇರಬೇಕು.

ಆ ಒಂಬತ್ತು ವರ್ಷದ ಹುಡುಗನಿಗೆ ಉತ್ತರ ಇನ್ನೂ ನನ್ನ ಹತ್ರ ಇಲ್ಲ. ನಾಳೆ ಬೆಳಗ್ಗೆ ಐದೂವರೆಗೆ ಅವನಿಗೆ ಪ್ರಾಕ್ಟೀಸ್ ಇದೆಯಂತೆ. ಹೋಗ್ತಾನಂತೆ.

ಒಪ್ಪದವರು ಕಾಮೆಂಟ್‌ನಲ್ಲಿ ಬನ್ನಿ, ಜಗಳ ಆಡೋಣ. ಮೀಮ್ ಹಾಕಿದವನೇ, ನೀನಂತೂ ಬರಲೇಬೇಕು.

#ಹಾಕಿ #ಕಯೋಟೀಸ್ #ಟೆಂಪಿ #ಕೊಡಗು #ಊರಿನಟೀಮ್